ಮೂರು ತಾಲ್ಲೂಕಿಗೆ ಒಂದೇ ಕಾಸಿನ ಸರ

ಕಾಡಸಿದ್ದಪ್ಪನಿಗೆ ಆ ಸೀರೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಬೆಳಿಗ್ಗೆ ತಿಂದ ರೊಟ್ಟಿ ಗಂಟಲಿಗೆ ಬರುತ್ತಿತ್ತು. ಒಂದು ಗೇಣು ಜರಿಯಂಚಿನ ರೇಷ್ಮೆ ಸೀರೆ ಅದು. ಏಳು ವರ್ಷದಿಂದ ನೀರು ಕಂಡಿರಲಿಲ್ಲ. ಒಗೆದರೆ ಜರಿ ಕಪ್ಪಾಗುತ್ತದೆಂದು ಅವನ ಹೆಂಡತಿ ಶಿವರುದ್ರಮ್ಮ ನೀರಿಗೆ ಹಾಕಲು ಬಿಡುತ್ತಿರಲಿಲ್ಲ. ಎಂಟು ದಿನಕ್ಕೊಮ್ಮೆ ಹಿತ್ತಲ ಹಗ್ಗದ ಮೇಲೆ ಗಾಳಿಗೆ ಹಾಕಿ, ಜೊತೆಯ ರವಿಕೆಯ ಕಂಕುಳಿಗೆ ಪೌಡರ್ ಉದುರಿಸಿ, ಮಡಿಚಿ ಟ್ರಂಕಿನಲ್ಲಿ ಇಡುತ್ತಿದ್ದಳು. ಬೆವರು, ಪೌಡರು, ನುಸಿಗುಳಿಗೆ, ತಲೆಯ ಎಣ್ಣೆ, ಬಾಡಿದ ಮಲ್ಲಿಗೆ ಎಲ್ಲ ಸೇರಿ ಅದಕ್ಕೆ ತನ್ನದೇ ಒಂದು ನಾತ ಬಂದುಬಿಟ್ಟಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಈ ನಾತವನ್ನು ಮೈಗೆ ಸುತ್ತಿಕೊಂಡೇ ಅವನ ಕ್ಯಾಮೆರಾದ ಮುಂದೆ ಕೂರಬೇಕಾಗಿತ್ತು.

ಸೀರೆಯ ಜೊತೆಗೆ ಒಂದು ಗಂಟು ಗಿಲೀಟು ಒಡವೆ. ಕಾಸಿನ ಸರ, ಡಾಬು, ವಂಕಿ, ಜುಮುಕಿ. ಕಪ್ಪುಬಿಳುಪು ಫೋಟೋದಲ್ಲಿ ಚಿನ್ನಕ್ಕೂ ಗಿಲೀಟಿಗೂ ಏನೂ ಭೇದವಿಲ್ಲ. ದೀಪದ ಬೆಳಕು ಬಿದ್ದರೆ ಎರಡೂ ಹೊಳೆಯುತ್ತವೆ. ಗಂಡುಮಕ್ಕಳಿಗೆ ಬೇರೆ ಸರಂಜಾಮು ಇತ್ತು. ಒಂದು ಕಪ್ಪು ಕೋಟು, ಯಾವತ್ತೋ ನಿಂತುಹೋಗಿದ್ದ ಒಂದು ವಾಚು, ಜೇಬಿಗೆ ಸಿಕ್ಕಿಸಲು ಒಂದು ಪೆನ್ನು. ಪೆನ್ನು ಅಂದರೆ ಬರೀ ಮುಚ್ಚಳ. ಕೆಳಗಿನ ಭಾಗ ಎಲ್ಲಿ ಹೋಯಿತೋ ಯಾರೂ ಹುಡುಕಿರಲಿಲ್ಲ, ಫೋಟೋದಲ್ಲಿ ಕಾಣುವುದು ಮುಚ್ಚಳ ತಾನೆ. ಅಕ್ಷರ ಬಾರದವನೂ ಅದನ್ನು ಸಿಕ್ಕಿಸಿಕೊಂಡು ಗುಮಾಸ್ತನಾಗಿ ಹೊರಗೆ ಬೀಳುತ್ತಿದ್ದ.

ಕಾಡಸಿದ್ದಪ್ಪನೇನು ಇಂಥ ಕೆಲಸಕ್ಕೆಂದು ಕ್ಯಾಮೆರಾ ಹಿಡಿದವನಲ್ಲ. ಹಾಲ್ಕುರಿಕೆಯ ತೋಟದ ಮನೆಯವನು. ಅಣ್ಣಂದಿರು ಕೊಬ್ಬರಿ ವ್ಯಾಪಾರಕ್ಕೆ ಬಿದ್ದರೆ ಇವನು ಬೆಂಗಳೂರಿಗೆ ಓಡಿಹೋಗಿ, ಬಟ್ಟೆ ಮಿಲ್ಲಿನವರಿಗೆ ಕ್ಯಾಲೆಂಡರ್ ಚಿತ್ರ ತೆಗೆದುಕೊಡುವ ಸ್ಟುಡಿಯೋ ಒಂದರಲ್ಲಿ ಐದು ವರ್ಷ ದೀಪ ಹಿಡಿದ. ನೆರಿಗೆ ಹೇಗೆ ಬಿದ್ದರೆ ಅದರ ಮೇಲೆ ಬೆಳಕು ನಿಲ್ಲುತ್ತದೆ, ಕತ್ತು ಎಷ್ಟು ತಿರುಗಿದರೆ ಸಾಕು ಎಂಬುದನ್ನು ಆಸೆಪಟ್ಟು ಕಲಿತ. ಆ ಸ್ಟುಡಿಯೋ ಮುಚ್ಚುವಾಗ ಯಜಮಾನರು ಒಂದು ಹಳೆಯ ಕ್ಯಾಮೆರಾವನ್ನೂ ಮಾಡೆಲ್ ಹುಡುಗಿಯರಿಗೆ ತೊಡಿಸುತ್ತಿದ್ದ ಸೀರೆ ಒಡವೆಗಳನ್ನೂ ಇವನ ಕೈಗಿಟ್ಟು ಹರಸಿ ಕಳಿಸಿದರು. ಎಪ್ಪತ್ನಾಲ್ಕರಲ್ಲಿ ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಅಂಗಡಿ ಹಿಡಿದು ‘ಫ್ಯಾಷನ್ ಮತ್ತು ಪೋರ್ಟ್ರೇಟ್ ಫೋಟೋಗ್ರಾಫರ್’ ಎಂದು ಬೋರ್ಡು ಬರೆಸಿದ.

ಫ್ಯಾಷನ್ನಿನ ಕಥೆ ಆರೇ ತಿಂಗಳಲ್ಲಿ ಮುಗಿಯಿತು. ಜವಳಿ ಅಂಗಡಿಯವರೊಬ್ಬರು ಕ್ಯಾಲೆಂಡರ್ ಮಾಡಿಸುವ ಮನಸ್ಸು ಮಾಡಿದರು. ಸೀರೆ ಉಟ್ಟು ನಿಲ್ಲಲು ಒಬ್ಬ ಹೆಂಗಸು ಬೇಕು ಎಂದಾಗ ಬೀದಿಗೆ ಬೀದಿಯೇ ಇವನನ್ನು ಮನೆ ಕೆಡಿಸುವವನ ಹಾಗೆ ನೋಡಿತು. ಕೊನೆಗೆ ಅಂಗಡಿಯವರು ಸೀರೆಯನ್ನು ಬಾಗಿಲ ಚೌಕಟ್ಟಿಗೆ ನೇತುಹಾಕಿ, “ಬರೀ ಸೀರೆ ತೆಗೀರಿ ಸಿದ್ದಪ್ಪೋರೆ, ಒಳಗೆ ಹೆಂಗಸ್ಯಾಕೆ” ಅಂದರು. ಅವನು ತೆಗೆದುಕೊಟ್ಟ. ಅಂದಿನಿಂದ ಬೋರ್ಡಿನ ಮೊದಲ ಪದ ಬೋರ್ಡಿನ ಮೇಲಷ್ಟೇ ಉಳಿಯಿತು, ಹೊಟ್ಟೆಪಾಡು ಸಂಬಂಧಕ್ಕೆ ಕಳಿಸುವ ಹೆಣ್ಣಿನ ಫೋಟೋ, ಗಂಡಿನ ಫೋಟೋಗಳಲ್ಲಿ ನಡೆಯಿತು.

ಎಂಥ ಹೊಟ್ಟೆಪಾಡು ಅದು. ಹುಡುಗಿಯ ಅಪ್ಪ ಬಂದು, “ಒಂಚೂರು ಬೆಳ್ಳಗೆ ಬರೋ ಹಂಗೆ ಮಾಡಿ” ಅನ್ನುತ್ತಿದ್ದ, ಸುಣ್ಣ ಬಳಿಸುವ ಗೋಡೆಯ ಮಾತಾಡಿದ ಹಾಗೆ. ಕಾಡಸಿದ್ದಪ್ಪ ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ತುಂಬುತ್ತಿದ್ದ, ಕಣ್ಣ ಕೆಳಗಿನ ಕಪ್ಪು ತೆಗೆಯುತ್ತಿದ್ದ. ಫೋಟೋ ಹತ್ತು ಮನೆ ತಿರುಗಿ ವಾಪಸು ಬಂದಾಗ ಅದರ ಮೇಲೆ ಕಾಫಿಯ ಕಲೆ, ಕೊಬ್ಬರಿ ತಿಂದ ಬೆರಳಿನ ಜಿಡ್ಡು. ಒಂದು ಸಲ ಒಬ್ಬ ಹುಡುಗಿಯ ಫೋಟೋದ ಹಿಂದುಗಡೆ ಯಾರೋ ಇಂಕಿನಲ್ಲಿ ‘ಮೂಗು ದಪ್ಪ’ ಎಂದು ಬರೆದು ಕಳಿಸಿದ್ದರು. ಅದನ್ನು ಹಿಡಿದು ಬಂದ ಅಪ್ಪ ನಾಚಿಕೆಯಿಲ್ಲದೆ, “ಮೂಗು ಸಣ್ಣ ಮಾಡಕ್ಕಾಯ್ತದಾ” ಎಂದು ಕೇಳಿದ. ಆವತ್ತು ಕಾಡಸಿದ್ದಪ್ಪ ಹೊರಗೆ ಹೋಗಿ ಚರಂಡಿಗೆ ಉಗಿದು ಬಂದ. ಬಂದು ಮೂಗು ಸಣ್ಣ ಮಾಡಿದ. ಅವನ ಅಸಹ್ಯವೆಲ್ಲ ಆ ಚರಂಡಿಯವರೆಗೆ ಮಾತ್ರ ಹೋಗಿ ವಾಪಸು ಬರುವಂಥದ್ದು.

ಎಂಬತ್ತೊಂದರ ಬೇಸಿಗೆಗೆ ಮುಂಚೆ ದಂಡಿನಶಿವರದ ಚಿಕ್ಕಣ್ಣ ತನ್ನ ಮಗಳು ಪುಟ್ಟಗೌರಮ್ಮನನ್ನು ಕರೆದುಕೊಂಡು ಬಂದ. ಚಿಕ್ಕಣ್ಣನಿಗೆ ಸ್ವಲ್ಪ ತೋಟ, ಸ್ವಲ್ಪ ಹೊಲ, ಎರಡು ಎಮ್ಮೆ. ಹುಡುಗಿಗೆ ಹತ್ತೊಂಬತ್ತು. ಪರದೆಯ ಹಿಂದೆ ಶಿವರುದ್ರಮ್ಮ ಸೀರೆ ಬಿಡಿಸಿದಾಗ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

“ಇದನ್ನ ಎಷ್ಟು ಜನ ಉಟ್ಟವ್ರೆ ಅಕ್ಕಾ?”

“ಇದನ್ನುಟ್ಟು ನೂರಾರು ಜನಕ್ಕೆ ಮದ್ವೆ ಆಗೈತೆ ಕಣೇ. ಸುಮ್ನೆ ಉಟ್ಕೋ.”

“ಮದ್ವೆ ಆದ್ಮೇಲೆ ಎಂಗವ್ರಂತೆ?”

ಶಿವರುದ್ರಮ್ಮ ದೊಗಳೆ ರವಿಕೆಯನ್ನು ಹಿಂದಿನಿಂದ ಪಿನ್ನು ಹಾಕಿ ಬಿಗಿಮಾಡಿ ಹುಡುಗಿಯನ್ನು ಈಚೆಗೆ ಕಳಿಸಿದಳು. ಸರೋವರ, ಅರಮನೆ ಬರೆದ ಪರದೆಯ ಮುಂದೆ ಪುಟ್ಟಗೌರಮ್ಮ ಕೂತಳು. ಅವಳ ಮುಖಕ್ಕೆ ಪೆನ್ಸಿಲ್ ಬೇಕಾಗಿರಲಿಲ್ಲ. ಬಹಳ ದಿನದ ಮೇಲೆ ಕಾಡಸಿದ್ದಪ್ಪ ಖುಷಿಯಿಂದ ಬಟನ್ ಒತ್ತಿದ.

ಫೋಟೋ ಸಂಪಿಗೆ ಕಡೆಯ ಹುಚ್ಚರಂಗಯ್ಯ ಎಂಬವನ ಮನೆಗೆ ಹೋಯಿತು. ಅವನ ಮಗ ತಿಮ್ಮರಾಜುವಿನ ಫೋಟೋ ಚಿಕ್ಕಣ್ಣನ ಮನೆಗೆ ಬಂತು. ಅದೂ ಇದೇ ಸ್ಟುಡಿಯೋದ್ದು. ಕೋಟು, ವಾಚು, ಪೆನ್ನಿನ ಮುಚ್ಚಳ ಎಲ್ಲ ಇತ್ತು. ಎರಡು ಕಡೆಯವರೂ ತಾವು ಮಾತ್ರ ಎರವಲು ಹಾಕಿಕೊಂಡವರು, ಎದುರಿನವರದು ಅಪ್ಪಟ ಎಂದುಕೊಂಡರು. ಎಂಥ ದಡ್ಡತನ ನೋಡಿ. ಒಂದೇ ಬೀದಿಯ ಒಂದೇ ಅಂಗಡಿಗೆ ಹೋಗಿ ಬಂದವರು, ಹಿಂದಿನ ಪರದೆಯ ಅರಮನೆಯಾದರೂ ಒಂದೇ ಎಂದು ನೋಡುವಷ್ಟು ಬುದ್ಧಿ ಒಬ್ಬರಿಗೂ ಬರಲಿಲ್ಲ. ಎಲ್ಲರ ಕಣ್ಣೂ ಕಾಸಿನ ಸರ ಮತ್ತು ವಾಚಿನ ಮೇಲೆ.

ಒಪ್ಪಿಗೆಯ ದಿನ ಹುಚ್ಚರಂಗಯ್ಯ ಬಹಳ ದೊಡ್ಡ ಮನುಷ್ಯನಂತೆ ಮಾತಾಡಿದ. “ನಮ್ಗೆ ದುಡ್ಡು ಬ್ಯಾಡ, ಗದ್ದೆ ಬ್ಯಾಡ. ಈ ಫೋಟೋದಾಗೆ ಹುಡುಗಿ ಮೈಮ್ಯಾಲೆ ಏನೈತೋ ಅದು ನಮ್ಮನೆಗೆ ಬಂದ್ರೆ ಸಾಕು” ಎಂದ. ಚಿಕ್ಕಣ್ಣ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ, ತಲೆ ಆಡಿಸಿದ.

ಹದಿನೈದು ದಿನ ಕಳೆದ ಮೇಲೆ ಚಿಕ್ಕಣ್ಣ ಸ್ಟುಡಿಯೋಗೆ ಓಡಿಬಂದ. ಹುಚ್ಚರಂಗಯ್ಯನ ತಮ್ಮನ ಮಗನಿಗೂ ಹೆಣ್ಣು ಹುಡುಕುತ್ತಿದ್ದರಂತೆ. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದ ಒಂದು ಫೋಟೋದಲ್ಲಿ ಅದೇ ಕಾಸಿನ ಸರ ಕಂಡಿತಂತೆ. ಎಡಗಡೆ ಒಂದು ಕಾಸು ಉದುರಿದ ಜಾಗವೂ ಅದೇ. ಈಗ ಪಂಚಾಯ್ತಿ ಸೇರಿಸಿ, ಫೋಟೋದವನನ್ನೇ ಕರೆಸಿ ಕೇಳುತ್ತೇನೆ ಎಂದು ಹುಚ್ಚರಂಗಯ್ಯ ಹೇಳಿಕಳಿಸಿದ್ದ.

“ನೀವು ಒಂದೇ ಒಂದು ಮಾತು ಯೋಳಿ ಸಾಕು ಸಿದ್ದಪ್ಪೋರೆ,” ಚಿಕ್ಕಣ್ಣ ಕೈ ಮುಗಿದ. “ಒಡ್ವೆ ಚಿಕ್ಕಣ್ಣನ ಮನೇದೇ, ಆ ಹುಡುಗಿಗೂ ಇವ್ರೇ ಎರವಲು ಕೊಟ್ಟಿದ್ರು ಅನ್ನಿ. ಮದ್ವೆ ದಿನ ನಿಮ್ಮ ಗಂಟನ್ನೇ ತಂದು ಹಾಕುಸ್ತೀನಿ. ತಾಳಿ ಬಿದ್ಮೇಲೆ ಗೊತ್ತಾದ್ರೆ ಗೊತ್ತಾಗ್ಲಿ, ಏನ್ ಮಾಡ್ಕಂತಾರೆ?”

“ಏನ್ ಮಾಡ್ಕಂತಾರಾ? ನಿಮ್ಮ ಮಗಳಿಗೆ ಹೊಡೀತಾರೆ.”

“ಹೊಂದ್ಕಂತಾಳೆ ಬುಡಿ” ಎಂದ ಚಿಕ್ಕಣ್ಣ.

ಹೊಂದಿಕೊಳ್ಳುತ್ತಾಳೆ. ಹೆತ್ತವನ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಕಾಡಸಿದ್ದಪ್ಪನಿಗೆ ಮೈಯೆಲ್ಲ ಜಿಡ್ಡು ಬಳಿದಂತಾಯಿತು. ನೋಡೋಣ ಎಂದು ಹೇಳಿ ಕಳಿಸಿದ.

ಎರಡು ದಿನ ಬಿಟ್ಟು ಸಂತೆಯ ದಿನ ಪುಟ್ಟಗೌರಮ್ಮನೇ ಬಂದಳು. ಜೊತೆಯಲ್ಲಿ ಬಂದಿದ್ದ ಅತ್ತಿಗೆಯನ್ನು ಬಳೆ ಅಂಗಡಿಯ ಮುಂದೆ ನಿಲ್ಲಿಸಿ ಒಳಗೆ ಬಂದವಳು ಕೂರಲಿಲ್ಲ.

“ಅಣ್ಣಾ, ಅಪ್ಪ ಸುಳ್ಳು ಯೋಳಿ ಅಂತ ಬಂದಿದ್ರಲ್ಲ. ನೀವು ನಿಜ ಯೋಳ್ಬುಡಿ.”

“ನಿಜ ಹೇಳಿದ್ರೆ ಸಂಬಂಧ ಮುರಿದು ಬೀಳ್ತದೆ ಕಣವ್ವಾ.”

“ಮುರೀಲಿ ಅಂತ್ಲೇ ಯೋಳ್ತಿರೋದು.” ಅವಳ ದನಿ ನಡುಗಲಿಲ್ಲ. “ಆವತ್ತು ನೋಡಕ್ಕೆ ಬಂದಾಗ ಹುಡುಗನ ಅಮ್ಮ ಮರಿಯಮ್ಮ ನನ್ನ ಒಳಗೆ ಕರ್ಕಂಡೋಗಿ ಸೆರಗಿಗೆ ಉಗುಳು ಹಚ್ಕಂಡು ನನ್ನ ಕೆನ್ನೆ ಉಜ್ಜುದ್ರು. ಬಣ್ಣ ಬಿಡ್ತದಾ ಅಂತ. ಎರಡೂ ಕೆನ್ನೆ. ಆಮೇಲೆ ಫೋಟೋ ಪಕ್ಕದಾಗೆ ಹಿಡ್ಕಂಡು ನೋಡಿ, ‘ಇದ್ರಾಗೆ ಇನ್ನೊಂಚೂರು ಬೆಳ್ಳಗವ್ಳೆ’ ಅಂದ್ರು. ಆ ಹುಡುಗ ಬಾಗಿಲಾಗೆ ನಿಂತ್ಕಂಡು ಕೊಬ್ಬರಿ ತಿಂತಾ ನಗ್ತಿದ್ದ. ಉಗುಳಿನ ವಾಸ್ನೆ ಇನ್ನೂ ಹೋಗಿಲ್ಲ ಕಣಣ್ಣ ನಂಗೆ. ಇನ್ನು ಒಡ್ವೆ ಗಿಲೀಟು ಅಂತ ಗೊತ್ತಾದ್ರೆ ಆ ಮನೇಲಿ ನನ್ನ ಗತಿ ಏನು?”

ಹುಡುಗಿಯ ಕೆನ್ನೆಯನ್ನು ಹಿತ್ತಾಳೆ ಚೊಂಬಿನ ಹಾಗೆ ಉಜ್ಜಿ ನೋಡಿದ್ದಾರೆ. ಆ ಹೆಂಗಸು ಉಜ್ಜಿದ್ದು ತಾನು ತೆಗೆದ ಫೋಟೋ ಕಣ್ಣಮುಂದೆ ಇದ್ದುದರಿಂದ ತಾನೆ, ಬೆಳ್ಳಗೆ ಕಂಡದ್ದು ತನ್ನ ದೀಪದಿಂದ ತಾನೆ ಎಂದು ಕಾಡಸಿದ್ದಪ್ಪನಿಗೆ ಅನ್ನಿಸಿತು. “ಹೇಳ್ತೀನಿ ಹೋಗವ್ವಾ, ನಿಜಾನೇ ಹೇಳ್ತೀನಿ” ಎಂದ.

ಶಿವರುದ್ರಮ್ಮ ಮಾತ್ರ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. “ನಿಮ್ಗೇನ್ರೀ ಬಂದಿರೋದು? ಆ ಗಂಟು ಸ್ಟುಡಿಯೋದ್ದು ಅಂತ ನೀವೇ ಬಾಯ್ಬಿಟ್ರೆ ನಾಳೆಯಿಂದ ಒಬ್ರಾದ್ರೂ ಹೆಣ್ಣು ಕರ್ಕೊಂಡು ಬರ್ತಾರಾ?” ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವನಿಗೂ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಆದರೂ ಪಂಚಾಯ್ತಿಯ ದಿನ, ಭಾನುವಾರ ಬೆಳಿಗ್ಗೆ ಗಿಲೀಟಿನ ಗಂಟನ್ನು ಕೈಚೀಲಕ್ಕೆ ಹಾಕಿಕೊಂಡು ದಂಡಿನಶಿವರದ ಬಸ್ಸು ಹತ್ತಿದ.

ಚಿಕ್ಕಣ್ಣನ ಮನೆಯ ಜಗಲಿಯ ಮೇಲೆ ಎರಡು ಊರಿನ ಹಿರಿಯರು ಕೂತಿದ್ದರು. ಸಂಬಂಧ ಕೂಡಿಸಿದ್ದ ಹನುಮಂತಯ್ಯ ನಡುವೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹುಚ್ಚರಂಗಯ್ಯ ಇಬ್ಬರು ಹುಡುಗಿಯರ ಫೋಟೋಗಳನ್ನು ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟಿದ್ದ. ಒಳಬಾಗಿಲ ಮರೆಯಲ್ಲಿ ಪುಟ್ಟಗೌರಮ್ಮನ ಸೀರೆಯ ಅಂಚು ಕಾಣುತ್ತಿತ್ತು.

ಕಾಡಸಿದ್ದಪ್ಪ ಹೆಚ್ಚು ಮಾತಾಡಲಿಲ್ಲ. ಚೀಲದಿಂದ ಗಂಟು ತೆಗೆದು ಚಾಪೆಯ ಮೇಲೆ ಬಿಚ್ಚಿದ. “ಒಡವೆ ಇವ್ರದ್ದಲ್ಲ, ಆ ಹುಡುಗೀದೂ ಅಲ್ಲ. ನನ್ನದು. ಗಿಲೀಟು. ಬಂದೋರಿಗೆಲ್ಲ ಇದನ್ನೇ ಹಾಕಿ ಫೋಟೋ ತೆಗೀತೀನಿ” ಎಂದ.

ಚಿಕ್ಕಣ್ಣ ತಲೆ ಎತ್ತಲಿಲ್ಲ. ಹುಚ್ಚರಂಗಯ್ಯ ಕಾಸಿನ ಸರವನ್ನು ಬೆರಳ ತುದಿಯಲ್ಲಿ ಎತ್ತಿ, ಮೂಸಿ, ಎಸೆದು ಎದ್ದು ನಿಂತ. ಟವಲು ಒದರಿ ಹೆಗಲಿಗೆ ಹಾಕಿಕೊಂಡ. “ಏಳ್ರಪ್ಪಾ, ಈ ಮನೆ ನೀರೂ ಬ್ಯಾಡ ನಮ್ಗೆ” ಎಂದ. ಅವನ ಕಡೆಯವರೆಲ್ಲ ಎದ್ದರು. ಮರಿಯಮ್ಮ ಚಪ್ಪಲಿ ಮೆಟ್ಟಿಕೊಂಡದ್ದೂ ಆಯಿತು. ಸಂಬಂಧ ಮುರಿದಿತ್ತು. ಹುಡುಗಿ ಕೇಳಿದ್ದು ಸಿಕ್ಕಿತ್ತು. ಕಾಡಸಿದ್ದಪ್ಪ ಇನ್ನು ಮಾಡಬೇಕಾಗಿದ್ದ ಕೆಲಸ ಒಂದೇ, ತೆಪ್ಪಗೆ ಕೂರುವುದು.

ಜಗಲಿ ಇಳಿಯುತ್ತ ಹುಚ್ಚರಂಗಯ್ಯ ತಿರುಗಿ ನಿಂತು ಇನ್ನೊಂದು ಮಾತು ಆಡಿದ. “ಊರೋರೆಲ್ಲ ಉಟ್ಟು ಬುಟ್ಟ ಹೊಲಸು ಸೀರೆ ಸುತ್ಕಂಡು ಕುಂತೋಳು. ಅಂಥ ಗಲೀಜು ಅಂಗ್ಡೀಲಿ ಫೋಟೋ ತೆಗ್ಸಿರೋ ಹೆಣ್ಣು ನಮ್ಗ್ಯಾಕೆ?”

ಕಾಡಸಿದ್ದಪ್ಪನ ನೆತ್ತಿಗೆ ಏರಿತು. “ಗಲೀಜು ಅಂಗ್ಡಿನಾ? ಹಂಗಾದ್ರೆ ನಿಮ್ಮ ಮಗ ಯಾವ ಅಂಗ್ಡೀಲಿ ಕೂತಿದ್ದ ಹುಚ್ಚರಂಗಯ್ಯನೋರೆ? ಅವನು ಹಾಕ್ಕೊಂಡಿದ್ದ ಕೋಟು ನಂದು. ವಾಚು ನಂದು, ಅದು ನಡೆಯಲ್ಲ. ಜೇಬಲ್ಲಿದ್ದ ಪೆನ್ನು ಬರೀ ಮುಚ್ಚಳ. ಬೇಕಾದ್ರೆ ನಾಳೆ ಬನ್ನಿ, ತೋರಿಸ್ತೀನಿ” ಎಂದು ಒಂದೇ ಉಸಿರಿಗೆ ಅಂದುಬಿಟ್ಟ.

ಚಿಕ್ಕಣ್ಣ ಈಗ ತಲೆ ಎತ್ತಿದ. “ಹುಡುಗ ಸೊಸೈಟೀಲಿ ಗುಮಾಸ್ತ ಅಂದಿದ್ರಲ್ಲ?” ಎಂದ. ಹುಚ್ಚರಂಗಯ್ಯ ಟವಲಿನಿಂದ ಮುಖ ಒರೆಸಿಕೊಂಡ. “ಆಗ್ತಾನೆ, ಆಗ್ತಾನೆ. ಅರ್ಜಿ ಹಾಕವ್ನೆ” ಎಂದ.

ಮೊದಲು ನಕ್ಕವನು ಹನುಮಂತಯ್ಯ. ಬಾಯಲ್ಲಿದ್ದ ಎಲೆಯಡಿಕೆ ಚೆಲ್ಲುವ ಹಾಗೆ ನಕ್ಕ. “ಅಲ್ಲಾ ಕಣ್ರಪ್ಪಾ, ಅತ್ಲಾಗೂ ಗಿಲೀಟು, ಇತ್ಲಾಗೂ ಗಿಲೀಟು. ಸರಿಗೆ ಸರಿ ಆಯ್ತಲ್ಲ. ಇನ್ನೇನ್ ತಕರಾರು? ಕುಂತ್ಕಳಿ, ಕುಂತ್ಕಳಿ.” ಹಿರಿಯರೊಬ್ಬರು ನಕ್ಕರು, ಇನ್ನೊಬ್ಬರು ನಕ್ಕರು. ಚಿಕ್ಕಣ್ಣನ ಮುಖಕ್ಕೆ ಹೋದ ಜೀವ ಬಂತು. ಹುಚ್ಚರಂಗಯ್ಯನಂತೂ ತನ್ನ ಸುಳ್ಳು ಇಷ್ಟು ಅಗ್ಗದಲ್ಲಿ ಪಾರಾಯಿತಲ್ಲ ಎಂದು ಎಲ್ಲರಿಗಿಂತ ಜೋರಾಗಿ ನಗತೊಡಗಿದ. ಮರಿಯಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಐದು ನಿಮಿಷದ ಹಿಂದೆ ಒಬ್ಬರ ಮುಖಕ್ಕೆ ಒಬ್ಬರು ಉಗಿಯಲು ಹೊರಟಿದ್ದವರು ಈಗ ಬೀಗರೇ ಬೀಗರೇ ಎಂದು ಬೆನ್ನು ತಟ್ಟಿಕೊಂಡು ಕೂತರು. ಒಂದೇ ಕೆಸರಲ್ಲಿ ಬಿದ್ದಿದ್ದೇವೆಂದು ಗೊತ್ತಾದ ಕೂಡಲೆ ಅವರಿಗೆ ಅಷ್ಟು ಸಮಾಧಾನ. ಒಡವೆಯ ಮಾತು ಬಿಟ್ಟುಹೋಯಿತು, ಗುಮಾಸ್ತಿಕೆಯ ಮಾತೂ ಬಿಟ್ಟುಹೋಯಿತು, ಮದುವೆಯ ತಾರೀಕು ಗಟ್ಟಿಯಾಯಿತು. ಬಾಗಿಲ ಮರೆಯ ಸೀರೆಯಂಚು ಯಾವಾಗ ಒಳಗೆ ಸರಿಯಿತೋ ಯಾರೂ ಗಮನಿಸಲಿಲ್ಲ.

ಕಾಡಸಿದ್ದಪ್ಪ ಗಿಲೀಟು ಬಾಚಿಕೊಂಡು ಹೊರಡಲು ಎದ್ದರೆ ಬಿಡಲಿಲ್ಲ. ಮುದ್ದೆ ಊಟಕ್ಕೆ ಕೂರಿಸಿದರು. ಊಟದ ನಡುವೆ ಹುಚ್ಚರಂಗಯ್ಯ ಸ್ನೇಹದಿಂದ ಅವನ ಕಡೆ ಬಾಗಿ, “ಫೋಟೋದೋರೆ, ಮದ್ವೆಗೆ ನೀವೇ ಬರ್ಬೇಕು. ಬರೋವಾಗ ಈ ಗಂಟು, ಆ ಕೋಟು ವಾಚು ಎಲ್ಲಾ ತಂದ್ಬುಡಿ. ನೆಂಟ್ರಿಷ್ಟರು ನೋಡ್ತಾರೆ. ಒಂದಿನದ ಮಟ್ಟಿಗೆ” ಎಂದ. ಚಿಕ್ಕಣ್ಣನೂ ಹೌದು ಹೌದು ಎಂದ. ಕಾಡಸಿದ್ದಪ್ಪ ಆಗುವುದಿಲ್ಲ ಎನ್ನಬೇಕಾಗಿತ್ತು. ಗಂಟನ್ನು ದಾರಿಯ ಬಾವಿಗೆ ಎಸೆದು ಹೋಗಬೇಕಾಗಿತ್ತು. ಅವನು ಇನ್ನೊಂದು ತುತ್ತು ಮುದ್ದೆ ಮುರಿಯುತ್ತ, “ಆಗ್ಲಿ, ತತ್ತೀನಿ” ಎಂದ. ಶಿವರುದ್ರಮ್ಮ ಅಂದುಕೊಂಡಂತೆ ವ್ಯಾಪಾರವೇನೂ ಕೆಡಲಿಲ್ಲ. ಗುಟ್ಟು ರಟ್ಟಾದದ್ದೇ ಒಳ್ಳೆಯದಾಯಿತು ಎಂಬಂತೆ ಆ ತಿಂಗಳು ಮದುವೆ ಮನೆಗಳವರು ನೇರವಾಗಿ ಬಂದು ಗಂಟನ್ನೇ ಕೇಳತೊಡಗಿದರು. ಅವಳು ಹೊಸ ಪಿನ್ನುಗಳನ್ನು ತರಿಸಿದಳು.

ಮದುವೆ ದಂಡಿನಶಿವರದಲ್ಲೇ ನಡೆಯಿತು. ತಾಳಿ ಬಿದ್ದು, ಎಲ್ಲರೂ ಊಟಕ್ಕೆ ನುಗ್ಗಿದ ಮೇಲೆ ಗಂಡು ಹೆಣ್ಣನ್ನು ಹಿತ್ತಲ ತೆಂಗಿನಮರದ ನೆರಳಿಗೆ ಕರೆದು ಎರಡು ಕುರ್ಚಿ ಹಾಕಿದರು. ತಿಮ್ಮರಾಜು ಕೋಟಿನ ಒಳಗೆ ಬೆವರುತ್ತ, ಬೀಗರು ತಂದ ಬಾಳೆಹಣ್ಣು ಬೇಕೆಂದು ಎದ್ದು ಆಚೆ ಹೋದ. ಪುಟ್ಟಗೌರಮ್ಮ ಒಬ್ಬಳೇ ಕೂತಿದ್ದಳು. ಕೊರಳಲ್ಲಿ ಒಂದು ಕಾಸು ಉದುರಿದ ಸರ. ಕಾಡಸಿದ್ದಪ್ಪ ಕ್ಯಾಮೆರಾದ ಹಿಂದೆ ಬಗ್ಗಿ ಇಲ್ಲದ ಕೆಲಸ ಮಾಡುತ್ತ ನಿಂತ.

“ಅಣ್ಣಾ,” ಎಂದಳು. ಸಿಟ್ಟಿನ ದನಿಯಲ್ಲ, ಕೇಳಬೇಕಾದ್ದನ್ನು ಕೇಳುವವರ ದನಿ. “ಒಡ್ವೆ ಮಾತು ಸಾಕಾಗಿತ್ತು. ಅವ್ರು ಎದ್ದು ಹೊಂಟಿದ್ರು. ಕೋಟಿನ ಮಾತು ಯಾಕಾಡುದ್ರಿ?”

ನಿನ್ನ ಬಗ್ಗೆ ಅಂದದ್ದನ್ನು ಕೇಳಿ ತಡೆಯಲಾಗಲಿಲ್ಲ ಕಣವ್ವಾ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಕೇಳಲು ಚೆಂದದ ಉತ್ತರ. ಮೂರು ತಾಲ್ಲೂಕಿನ ಮುಖಗಳಿಗೆ ಸುಳ್ಳು ತುಂಬಿದ್ದ ಅವನಿಗೆ ಇದೊಂದು ಸುಳ್ಳು ಮಾತ್ರ ಬಾಯಿಂದ ಹೊರಡಲಿಲ್ಲ. ಹೆಣ್ಣನ್ನು ಅಂದದ್ದು ಅವನ ಕಿವಿಗೆ ಬಿದ್ದಿತ್ತು, ಸಿಟ್ಟು ಬಂದದ್ದು ಅದಕ್ಕಲ್ಲ. ಅಂಗಡಿಯನ್ನು ಗಲೀಜು ಎಂದದ್ದಕ್ಕೆ. ತಾನೇ ದಿನಾ ಮೂಗು ಮುಚ್ಚಿಕೊಳ್ಳುವ ಆ ಸೀರೆಯನ್ನು ಬೇರೆಯವನು ಹೊಲಸು ಎಂದದ್ದಕ್ಕೆ.

ತಿಮ್ಮರಾಜು ಹಣ್ಣು ಜಗಿಯುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಕಾಡಸಿದ್ದಪ್ಪ ಕ್ಯಾಮೆರಾಕ್ಕೆ ಕಣ್ಣು ಕೊಟ್ಟು, “ಕತ್ತು ಒಂಚೂರು ಮೇಲಕ್ಕೆತ್ತವ್ವಾ” ಎಂದ. ಅವಳು ಎತ್ತಿದಳು.